ಮಾರುತಿ 800: ಇಂಜಿನ್ ಬಿಸಿಯಾಗುವ ಮೊದಲೇ ಟೆಂಪರೇಚರ್ ಮುಳ್ಳು ಎಚ್ ಹತ್ತಿರ ಹೋಗುತ್ತದೆ

ಕಾಪು ಎಂಟುನೂರು

ಎಲ್ಲರಿಗೂ ನಮಸ್ಕಾರ. ಅಪ್ಪನ 1998ರ ಮಾರುತಿ 800 ನನ್ನ ಹತ್ತಿರ ಉಂಟು. ಕಾರ್ಬ್ಯುರೇಟರ್ ಗಾಡಿ. ಕಾಪುವಿನಿಂದ ಉಡುಪಿಗೆ ಕೆಲಸಕ್ಕೆ ಇದರಲ್ಲೇ ಹೋಗುತ್ತೇನೆ. ಮಳೆಗಾಲ ಶುರುವಾದ ಮೇಲೆ ಟೆಂಪರೇಚರ್ ಮೀಟರ್ ತಲೆ ತಿನ್ನುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹೈವೇಗೆ ಬಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಅರ್ಧ ದಾಟಿರುತ್ತದೆ. ಕಟಪಾಡಿ ತಲುಪುವಾಗ ಎಚ್ (ತುಂಬಾ ಬಿಸಿ ಅನ್ನುವ ಗುರುತು) ಹತ್ತಿರ. ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರೆ ಹಬೆ ಇಲ್ಲ, ವಾಸನೆ ಇಲ್ಲ. ಪಕ್ಕದ ಡಬ್ಬದಲ್ಲಿ ಕೂಲೆಂಟ್ ಗೆರೆಯವರೆಗೆ ಉಂಟು. ಗಾಡಿಯ ಎಳೆತವೂ ಕಡಿಮೆಯಾಗಿಲ್ಲ.

ಗ್ಯಾರೇಜಿನಲ್ಲಿ ಮೊದಲು ಸೆನ್ಸರ್ ಬದಲಾಯಿಸಿದರು. ಏನೂ ವ್ಯತ್ಯಾಸ ಆಗಲಿಲ್ಲ. ಆಮೇಲೆ ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವಂಥದ್ದು) ತೆಗೆದು ಹಾಗೇ ಮುಚ್ಚಿದರು. ನಮ್ಮ ಊರಿನ ಸೆಕೆಗೆ ಅದು ಬೇಡ ಅಂದರು. ಈಗ ಹೊಸ ರೇಡಿಯೇಟರ್ ಹಾಕಬೇಕು, ಬಹುಶಃ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಭಾಗವಾದ ಹೆಡ್‌ನ ಅಡಿಯ ಪ್ಯಾಕಿಂಗ್) ಕೂಡ ಹೋಗಿರಬಹುದು ಎನ್ನುತ್ತಿದ್ದಾರೆ. ಅಷ್ಟು ಖರ್ಚು ಮಾಡುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಏನಾದರೂ ಇದ್ದರೆ ಹೇಳಿ. ಈ ಗಾಡಿಯನ್ನು ಗುಜರಿಗೆ ಕೊಡುವ ಮನಸ್ಸು ನನಗಿಲ್ಲ.

ಪಣಂಬೂರು ಡೀಸೆಲ್

ಮುಳ್ಳು ಮೇಲೆ ಹೋದರೆ ಓಡಿಸಬೇಡಿ ಮಾರಾಯ್ರೆ. ಮೊದಲು ಅದನ್ನು ನಿಲ್ಲಿಸಿ. ಈ ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಒಮ್ಮೆ ಜಾಸ್ತಿ ಕಾದರೆ ಬಾಗುತ್ತದೆ, ಆಮೇಲೆ ಗ್ಯಾಸ್ಕೆಟ್ ಎಷ್ಟು ಸಲ ಹಾಕಿದರೂ ನಿಲ್ಲುವುದಿಲ್ಲ. ಮೀಟರ್ ಸುಳ್ಳು ಹೇಳುತ್ತಿದೆ ಅಂತ ಮೊದಲೇ ತೀರ್ಮಾನ ಮಾಡುವುದು ಅಪಾಯ.

ಕುಂಜಿಬೆಟ್ಟು ವಯರಿಂಗ್

ಡೀಸೆಲ್ ಅಣ್ಣ ಹೇಳಿದ್ದು ಸರಿ. ಹಾಗೆಯೇ ಇಂಜಿನ್ ನಿಜವಾಗಿ ಕಾದಿದೆ ಅಂತಲೂ ಮೊದಲೇ ತೀರ್ಮಾನ ಮಾಡಬಾರದು. ಸೆನ್ಸರ್, ವಾಲ್ವ್, ರೇಡಿಯೇಟರ್, ಗ್ಯಾಸ್ಕೆಟ್ ಹೀಗೆ ಒಂದೊಂದೇ ಬದಲಾಯಿಸುತ್ತಾ ಹೋದರೆ ದುಡ್ಡು ಮುಗಿಯುತ್ತದೆ, ಕಾರಣ ಸಿಗುವುದಿಲ್ಲ.

ಕಾಪುವಿನವರೇ, ನಾನು ಗಾಡಿಗಳ ವಯರಿಂಗ್ ಕೆಲಸ ಮಾಡುವವನು. ಇಷ್ಟು ನೋಡಿ ಹೇಳಿ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದರೆ ಮುಳ್ಳು ಎಲ್ಲಿ ನಿಲ್ಲುತ್ತದೆ? ಅರ್ಧ ದಾಟಿರುವಾಗ ಹೆಡ್‌ಲೈಟ್ ಹಾಕಿದರೆ ಅದು ಜಾಗ ಬದಲಿಸುತ್ತದಾ? ಪೆಟ್ರೋಲ್ ಮುಳ್ಳು ಸರಿ ತೋರಿಸುತ್ತದಾ?

ಕಾಪು ಎಂಟುನೂರು

ಕೀ ಆನ್ ಮಾಡಿದಾಗ ಮುಳ್ಳು ಸಿ (ತಣ್ಣಗೆ ಅನ್ನುವ ಗುರುತು) ಹತ್ತಿರವೇ ಇರುತ್ತದೆ. ಹೆಡ್‌ಲೈಟ್ ಹಾಕಿದರೆ ಹೌದು, ನಿಧಾನವಾಗಿ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ. ಮಳೆಯಲ್ಲಿ ಲೈಟ್ ಹಾಕಿಯೇ ಓಡಿಸುವುದರಿಂದ ನನಗೆ ಇದು ಗೊತ್ತಾಗಿರಲಿಲ್ಲ. ಪೆಟ್ರೋಲ್ ಮುಳ್ಳು ಕೂಡ ಈಗೀಗ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸ್ವಲ್ಪ ಹಾಕಿಸಿದರೂ ಫುಲ್ ಹತ್ತಿರ ಬರುತ್ತದೆ. ಅದು ಟ್ಯಾಂಕಿನ ಫ್ಲೋಟ್ ಸಮಸ್ಯೆ ಇರಬಹುದು ಅಂದುಕೊಂಡಿದ್ದೆ.

ಕುಂಜಿಬೆಟ್ಟು ವಯರಿಂಗ್

ಎರಡು ಮುಳ್ಳುಗಳೂ ಒಟ್ಟಿಗೆ ಕೆಟ್ಟಿವೆ. ಎರಡೂ ಒಂದೇ ಕಡೆಗೆ, ಅಂದರೆ ಜಾಸ್ತಿ ಕಡೆಗೆ ಹೋಗುತ್ತಿವೆ. ಹಾಗಿದ್ದರೆ ಎರಡಕ್ಕೂ ಸೇರಿದ ಜಾಗದಲ್ಲಿ ಹುಡುಕಬೇಕು. ಟ್ಯಾಂಕಿನ ಫ್ಲೋಟ್ ಮತ್ತು ಇಂಜಿನ್ನಿನ ಸೆನ್ಸರ್ ಒಂದೇ ಸಮಯಕ್ಕೆ ಹಾಳಾಗುವುದು ತುಂಬಾ ಅಪರೂಪ.

ಮೊದಲು ಈ ಮೀಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ಅದು ತಿಳಿದರೆ ಮುಂದಿನದು ಸುಲಭ. ಇಂಜಿನ್ ಮೇಲೆ ಥರ್ಮೋಸ್ಟಾಟ್ ಕೂರುವ ಜಾಗದ ಹತ್ತಿರ ಒಂದು ಸಣ್ಣ ಹಿತ್ತಾಳೆ ತುಂಡು ತಿರುಪಿರುತ್ತದೆ. ಅದಕ್ಕೆ ಒಂದೇ ವಯರ್. ಇದೇ ಸೆಂಡರ್, ಎಲ್ಲರೂ ಸೆನ್ಸರ್ ಎನ್ನುತ್ತಾರೆ. ಬಿಸಿಯಾದಷ್ಟೂ ಇದರ ಒಳಗಿನ ತಡೆ ಕಡಿಮೆಯಾಗುತ್ತದೆ. ಸುಜುಕಿಯ ಹಳೆಯ ಒಂಟಿ ವಯರ್ ಸೆಂಡರ್‌ಗಳಲ್ಲಿ 50 ಡಿಗ್ರಿಗೆ ಸುಮಾರು 150 ಓಮ್, 80 ಡಿಗ್ರಿಗೆ 50ರ ಆಸುಪಾಸು, 100 ಡಿಗ್ರಿಗೆ 30ಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಬೇರೆ ಕಂಪನಿಗಳ ಲೆಕ್ಕ ಬೇರೆ. ಕರೆಂಟು ಮೀಟರ್ ಮೂಲಕ ಬಂದು, ವಯರ್ ಹಿಡಿದು, ಸೆಂಡರ್ ದಾಟಿ ಇಂಜಿನ್ ಬಾಡಿಗೆ ಇಳಿಯುತ್ತದೆ. ತಡೆ ಕಡಿಮೆಯಾದರೆ ಜಾಸ್ತಿ ಕರೆಂಟು ಹರಿಯುತ್ತದೆ. ಮೀಟರ್ ಒಳಗಿನ ಎರಡು ಲೋಹದ ಪಟ್ಟಿ ಕಾದು ಬಾಗುತ್ತದೆ, ಮುಳ್ಳು ಏಳುತ್ತದೆ. ಈ ಮುಳ್ಳು ಟಕ್ಕನೆ ಹಾರದೆ ನಿಧಾನ ಏಳುವುದು ಅದಕ್ಕೇ.

ಬ್ಯಾಟರಿಯ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಇಂಜಿನ್ ನಿಂತಿರುವಾಗ 12ರ ಹತ್ತಿರ, ಓಡುವಾಗ 14ರ ಹತ್ತಿರ. ಇದಕ್ಕೆ ತಕ್ಕಂತೆ ಮುಳ್ಳು ಕುಣಿಯಬಾರದು ಅಂತ ಆ ಕಾಲದ ತುಂಬಾ ಮೀಟರ್‌ಗಳಲ್ಲಿ ವೋಲ್ಟೇಜ್ ಕಟ್ಟಿ ಹಿಡಿಯುವ ಒಂದು ಸಣ್ಣ ರೆಗ್ಯುಲೇಟರ್ ಇರುತ್ತದೆ. ಪೆಟ್ರೋಲ್ ಮತ್ತು ಟೆಂಪರೇಚರ್ ಎರಡಕ್ಕೂ ಅದೇ. ಅದಕ್ಕೆ ಅರ್ತಿಂಗ್ ಸರಿಯಾಗಿ ಸಿಗದಿದ್ದರೆ ಅದು ವೋಲ್ಟೇಜ್ ಇಳಿಸುವುದಿಲ್ಲ, ಪೂರ್ತಿ ಬಿಡುತ್ತದೆ. ಎರಡೂ ಮುಳ್ಳು ಮೇಲೆ ಹೋಗುತ್ತವೆ. ಗದ್ದೆಗೆ ಬಿಟ್ಟ ನೀರು ಹೊರಗೆ ಹೋಗಲು ತೋಡು ಬೇಕಲ್ವಾ, ಹಾಗೇ ಕರೆಂಟಿಗೂ ವಾಪಸ್ ಹೋಗುವ ದಾರಿ ಬೇಕು. ಹೆಡ್‌ಲೈಟ್ ಹಾಕಿದಾಗ ಮೀಟರ್ ಬೋರ್ಡಿನ ಬಲ್ಬುಗಳ ಕರೆಂಟೂ ಅದೇ ಅರ್ತಿಂಗಿಗೆ ಸೇರುತ್ತದೆ. ಅದಕ್ಕೇ ನಿಮ್ಮ ಮುಳ್ಳು ಆಗ ಇನ್ನೂ ಏರುವುದು.

ನನ್ನ ಅನುಮಾನ ಮೀಟರ್ ಬೋರ್ಡಿನ ಅರ್ತಿಂಗ್ ಮೇಲೆ. ಆದರೆ ಅದಕ್ಕೆ ಕೈ ಹಾಕುವ ಮೊದಲು ಇಂಜಿನ್ ನಿಜಕ್ಕೂ ಎಷ್ಟು ಬಿಸಿಯಾಗಿದೆ ಅಂತ ಬೇರೆ ದಾರಿಯಿಂದ ತಿಳಿಯಿರಿ.

ಕಾರ್ಕಳ ಟೀಚರ್

ಬಿಸಿ ಅಳೆಯುವ ಗನ್ ತೆಗೆದುಕೊಳ್ಳಿ. ನನ್ನ ಹಳೆಯ ಝೆನ್‌ಗೆ ಅಂತ ತಂದದ್ದು, ತುಂಬಾ ಉಪಕಾರವಾಗಿದೆ. ಒಂದು ಮಾತು ನೆನಪಿಡಿ. ಕೊರೋನಾ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗುವುದಿಲ್ಲ. ಅದು ಮೈಜ್ವರದ ಲೆಕ್ಕಕ್ಕೆ ಮಾತ್ರ ಮಾಡಿದ್ದು. ಮೆಷಿನ್ ಕೆಲಸಕ್ಕೆ ಬಳಸುವ, 300 ಡಿಗ್ರಿಯವರೆಗೆ ಅಳೆಯುವಂಥದ್ದು ಬೇಕು.

ಹಿಡಿಯುವುದರಲ್ಲೂ ಸ್ವಲ್ಪ ಗಮನ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಮುಚ್ಚಳದ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಹತ್ತಿರದಿಂದ ಹಿಡಿಯಿರಿ. ಇಲ್ಲದಿದ್ದರೆ ಮೇಲಿನ ರಬ್ಬರ್ ಹೋಸ್ ಮೇಲೆ ಹಿಡಿಯಿರಿ. ಹೋಸ್ ಒಳಗಿನ ನೀರು ಹೊರಗಿನ ರಬ್ಬರಿಗಿಂತ ಸ್ವಲ್ಪ ಜಾಸ್ತಿ ಬಿಸಿ ಇರುತ್ತದೆ ಅಂತ ಲೆಕ್ಕ ಹಾಕಿ. ಫ್ಯಾನ್ ಬೆಲ್ಟ್ ಕಡೆ ಕೈ, ಶಾಲು ಹೋಗದ ಹಾಗೆ ನೋಡಿಕೊಳ್ಳಿ.

ಪಣಂಬೂರು ಡೀಸೆಲ್

ವಯರಿಂಗ್‌ನವರ ವಿವರಣೆ ಒಪ್ಪುತ್ತೇನೆ. ಆದರೂ ಗ್ಯಾಸ್ಕೆಟ್ ಮಾತು ಬಂದದ್ದರಿಂದ ಅದನ್ನೂ ನೋಡಿಯೇ ಬಿಡಿ, ಖರ್ಚಿಲ್ಲ. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಬಿಡದೆ ಗುಳ್ಳೆ ಬರುತ್ತಿದ್ದರೆ ಸಂಶಯ ಪಡಬೇಕು. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿ ಕಂಡರೆ ನೀರು ಸೇರಿರಬಹುದು. ಆದರೆ ನಮ್ಮ ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡುವ ಗಾಡಿಗೆ ಸ್ವಲ್ಪ ಬಿಳಿ ಕಟ್ಟುವುದು ಉಂಟು. ಡಿಪ್ ಸ್ಟಿಕ್ಕಿನಲ್ಲೂ ಹಾಗೇ ಇದ್ದರೆ ಮಾತ್ರ ಗಾಬರಿ. ಕೂಲೆಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತಿದೆಯಾ, ಬಿಸಿಯಾದ ಮೇಲೂ ಹೊಗೆ ನಳಿಗೆಯಲ್ಲಿ ಬಿಳಿ ಹೊಗೆ ನಿಲ್ಲುತ್ತಿಲ್ಲವಾ, ಅದನ್ನೂ ನೋಡಿ.

ಬಿಸಿ ಇಂಜಿನ್ನಿನ ಕ್ಯಾಪ್ ಯಾವ ಕಾರಣಕ್ಕೂ ತಿರುಗಿಸಬೇಡಿ. ಒತ್ತಡ ಇರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕ್ಷಣಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಬಟ್ಟೆ ಹಿಡಿದರೂ ಉಳಿಯುವುದಿಲ್ಲ.

ಇನ್ನೊಂದು ವಿಷಯ ಎಲ್ಲರೂ ತಿಳಿದಿರಬೇಕು. ಮುಳ್ಳು ಎಚ್‌ವರೆಗೆ ಹೋಗಿ ತಟ್ಟನೆ ಸಿಗೆ ಬಿದ್ದರೆ ತಣ್ಣಗಾಯಿತು ಅಂತ ಖುಷಿ ಪಡಬೇಡಿ. ನೀರು ಪೂರ್ತಿ ಸೋರಿ ಹೋಗಿ ಸೆಂಡರ್ ತುದಿ ಬರೀ ಗಾಳಿಯಲ್ಲಿ ನಿಂತರೂ ಮುಳ್ಳು ಹಾಗೇ ಕೆಳಗೆ ಬರಬಹುದು. ಆಗ ಇಂಜಿನ್ ಅತ್ಯಂತ ಅಪಾಯದಲ್ಲಿರುತ್ತದೆ. ಆ ಜಾಗದಲ್ಲೇ ನಿಲ್ಲಿಸಿ.

ಕಾಪು ಎಂಟುನೂರು

ಎಲ್ಲರಿಗೂ ಧನ್ಯವಾದ. ಡೀಸೆಲ್ ಅಣ್ಣ ಹೇಳಿದ್ದೆಲ್ಲ ನೋಡಿದೆ. ಗುಳ್ಳೆ ಇಲ್ಲ, ಆಯಿಲ್ ಸ್ವಚ್ಛ ಉಂಟು, ಕೂಲೆಂಟ್ ಕಡಿಮೆಯಾಗಿಲ್ಲ. ಗೆಳೆಯನ ವರ್ಕ್‌ಶಾಪಿನಿಂದ ಗನ್ ತಂದು ಟೀಚರ್ ಹೇಳಿದ ಹಾಗೆ ಕಪ್ಪು ಟೇಪ್ ಮೇಲೆ ಹಿಡಿದೆ. ಮುಳ್ಳು ಎಚ್ ಹತ್ತಿರ ನಿಂತಿತ್ತು, ಗನ್‌ನಲ್ಲಿ 70ರ ಆಸುಪಾಸು. ರೇಡಿಯೇಟರ್ ಫ್ಯಾನ್ ತಿರುಗಲೂ ಇಲ್ಲ. ಹಾಗಾದರೆ ಮೀಟರೇ ತಪ್ಪು ಅಂತ ಆಯಿತಲ್ವಾ? ಇನ್ನು ಮೀಟರ್ ಬೋರ್ಡ್ ಬಿಚ್ಚಬಹುದಾ?

ಕುಂಜಿಬೆಟ್ಟು ವಯರಿಂಗ್

ಬಿಚ್ಚುವ ಮೊದಲು ಬಾನೆಟ್ ಕೆಳಗೆ ಒಂದು ಪರೀಕ್ಷೆ ಉಂಟು. ಇದು ಯಾವ ಹಳೆಯ ಗಾಡಿಗೂ ಆಗುತ್ತದೆ, ಬೇರೆಯವರೂ ನೋಡಿಕೊಳ್ಳಿ.

ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಬೇಡ. ಸೆಂಡರ್ ಮೇಲಿನ ವಯರ್ ಎಳೆದು ತೆಗೆಯಿರಿ. ಮುಳ್ಳು ನಿಧಾನವಾಗಿ ಸಿಗೆ ಇಳಿಯಬೇಕು. ಇಳಿಯದೆ ಮೇಲೆಯೇ ನಿಂತರೆ ವಯರ್ ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿದೆ ಅಥವಾ ಮೀಟರ್ ಒಳಗೇ ಸಿಕ್ಕಿಕೊಂಡಿದೆ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಬಾನೆಟ್ ಒಳಗೆ ಸೇರಿ ವಯರ್ ಕಚ್ಚುತ್ತವೆ, ಆ ಕಡೆ ಒಮ್ಮೆ ಕಣ್ಣು ಹಾಯಿಸಿ.

ಮುಳ್ಳು ಇಳಿದರೆ, ತೆಗೆದ ವಯರಿನ ತುದಿಯನ್ನು ಮೀಟರ್ ಬೋರ್ಡಿನ ಒಂದು ಸಣ್ಣ ಬಲ್ಬಿನ ಮೂಲಕ ಇಂಜಿನ್ ಬಾಡಿಗೆ ತಾಗಿಸಿ. 12 ವೋಲ್ಟ್, 3.4 ವ್ಯಾಟ್ ಬಲ್ಬ್ ಸಾಕು. ಮುಳ್ಳು ಏಳಬೇಕು. ಕೆಲವರು ವಯರನ್ನು ನೇರವಾಗಿ ಬಾಡಿಗೆ ಒತ್ತಿ ಹಿಡಿಯುತ್ತಾರೆ. ತುಂಬಾ ಹೊತ್ತು ಹಾಗೆ ಹಿಡಿದರೆ ಮೀಟರ್ ಒಳಗಿನ ಸುರುಳಿ ಸುಡುತ್ತದೆ. ಬಲ್ಬ್ ಇದ್ದರೆ ಆ ಭಯ ಇಲ್ಲ. ಮುಳ್ಳು ಎದ್ದರೆ ವಯರ್ ಕಟ್ ಆಗಿಲ್ಲ, ಮೀಟರ್ ಅಲುಗುತ್ತದೆ ಅಂತ ಅರ್ಥ.

ಇದಾದ ಮೇಲೆ ಸೆಂಡರ್. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಒಂದು ಕಡ್ಡಿ ಸೆಂಡರ್ ತುದಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಇಂಜಿನ್ ಬಾಡಿಗೆ ಹಿಡಿಯುವುದಕ್ಕಿಂತ ಇದು ಒಳ್ಳೆಯದು, ಇಂಜಿನ್ನಿನ ಅರ್ತಿಂಗ್ ಪಟ್ಟಿಯೂ ಲೆಕ್ಕಕ್ಕೆ ಬರುತ್ತದೆ. ಕೀ ಆಫ್ ಇರಲಿ. ಹೊಸ ಸೆಂಡರ್ ಹಾಕುವಾಗ ಸೋರಬಾರದು ಅಂತ ತಿರುಪಿಗೆ ಬಿಳಿ ಟೇಪ್ ದಪ್ಪ ಸುತ್ತುತ್ತಾರೆ. ಆ ಟೇಪ್ ಕರೆಂಟಿನ ದಾರಿಯನ್ನೇ ಮುಚ್ಚಬಹುದು. ಆಗ ಮುಳ್ಳು ಯಾವಾಗಲೂ ಕಡಿಮೆ ತೋರಿಸುತ್ತದೆ. ನಿಮ್ಮದು ಜಾಸ್ತಿ ತೋರಿಸುವುದರಿಂದ ಅದು ಇರಲಿಕ್ಕಿಲ್ಲ, ಆದರೂ ಅಳೆದರೆ ನಷ್ಟ ಇಲ್ಲ.

ಕೊನೆಗೆ ಅರ್ತಿಂಗ್. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಇಂಜಿನ್ ಓಡಲಿ, ಹೆಡ್‌ಲೈಟ್ ಆನ್ ಇರಲಿ. ಒಂದು ಕಡ್ಡಿ ಮೀಟರ್ ಬೋರ್ಡಿನ ಅರ್ತ್ ವಯರಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. ಹತ್ತಿರ ಹತ್ತಿರ ಸೊನ್ನೆ ಇರಬೇಕು. 0.2 ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಕೊಳೆ ಉಂಟು. ಓಮ್ ಅಳತೆಯಲ್ಲಿ ಇಂಥದ್ದು ಸಿಕ್ಕಿಬೀಳುವುದಿಲ್ಲ. ಕರೆಂಟು ಹರಿಯುವಾಗಲೇ ಅಳೆಯಬೇಕು.

ಬಜ್ಪೆ ಅಂಬಾಸಿಡರ್

ಈ ಕೊನೆಯ ಪರೀಕ್ಷೆಯನ್ನು ಬರೆದು ಇಟ್ಟುಕೊಳ್ಳುತ್ತೇನೆ. ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೂ ಇದೇ ಕಥೆ. ಸಮುದ್ರದ ಗಾಳಿಗೆ ತಾಮ್ರದ ತುದಿಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ವಯರ್ ಚೆನ್ನಾಗಿಯೇ ಇರುತ್ತದೆ, ಪ್ಲಾಸ್ಟಿಕ್ ಸ್ವಲ್ಪ ಸುಲಿದರೆ ಒಳಗಿನ ತಾಮ್ರ ಕಪ್ಪಾಗಿರುತ್ತದೆ.

ಕಾಪು ಎಂಟುನೂರು

ಸಿಕ್ಕಿತು! ವಯರಿಂಗ್ ಅಣ್ಣ, ನೀವು ಹೇಳಿದ್ದೇ ಸರಿ.

ವಯರ್ ತೆಗೆದಾಗ ಮುಳ್ಳು ಸಿಗೆ ಇಳಿಯಿತು. ಬಲ್ಬ್ ಮೂಲಕ ತಾಗಿಸಿದಾಗ ಎದ್ದಿತು. ಸೆಂಡರ್ ಕೂಡ ಸರಿ, ಗನ್ 70 ತೋರಿಸುವಾಗ ಎಪ್ಪತ್ತು ಚಿಲ್ಲರೆ ಓಮ್ ಬಂತು. ಅರ್ತಿಂಗ್ ಅಳೆದರೆ ಲೈಟ್ ಹಾಕಿದಾಗ ಒಂದೂವರೆ ವೋಲ್ಟ್!

ಬ್ಯಾಟರಿಯ ನೆಗೆಟಿವ್ ತೆಗೆದು ಮೀಟರ್ ಬೋರ್ಡ್ ಹೊರಗೆ ಎಳೆದೆ. ಅರ್ತ್ ವಯರ್ ಡ್ಯಾಶ್‌ಬೋರ್ಡ್ ಹಿಂದೆ ಬಾಡಿಗೆ ಒಂದು ಸ್ಕ್ರೂನಲ್ಲಿ ಕೂತಿದೆ. ಸ್ಕ್ರೂ ಪೂರ್ತಿ ತುಕ್ಕು, ವಯರಿನ ರಿಂಗಿನಲ್ಲಿ ಹಸಿರು ಕಿಲುಬು. ಮೇಲೆ ಕೈ ಸವರಿದರೆ ಒದ್ದೆ. ಮುಂದಿನ ಗಾಜಿನ ರಬ್ಬರ್ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಬಿಟ್ಟಿದೆ, ಮಳೆ ನೀರು ಅಲ್ಲಿಂದ ಒಳಗೆ ಇಳಿಯುತ್ತಿದೆ. ಮಳೆಗಾಲಕ್ಕೇ ಸರಿಯಾಗಿ ಈ ತೊಂದರೆ ಯಾಕೆ ಶುರುವಾಯಿತು ಅಂತ ಆಗ ಅರ್ಥವಾಯಿತು.

ಬಾಡಿಯ ಆ ಜಾಗವನ್ನು ಉಪ್ಪು ಕಾಗದದಿಂದ ಉಜ್ಜಿ ಲೋಹ ಕಾಣುವ ಹಾಗೆ ಮಾಡಿದೆ. ವಯರಿಗೆ ಹೊಸ ರಿಂಗ್ ಹಾಕಿ, ಹೊಸ ಸ್ಕ್ರೂ ಬಿಗಿದು, ಮೇಲೆ ಗ್ರೀಸ್ ಸವರಿದೆ. ಈಗ ಅಳೆದರೆ ಹತ್ತಿರ ಹತ್ತಿರ ಸೊನ್ನೆ. ಪೆಟ್ರೋಲ್ ಮುಳ್ಳು ಕೂಡ ನಿಜ ಹೇಳುತ್ತಿದೆ. ಲೈಟ್ ಹಾಕಿದರೂ ಎರಡೂ ಅಲುಗುವುದಿಲ್ಲ. ರೇಡಿಯೇಟರ್ ಖರ್ಚು ಉಳಿಯಿತು. ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಹೈವೇಯಲ್ಲಿ ಓಡುವಾಗ ಮುಳ್ಳು ಈಗ ಸಿ ಬಿಟ್ಟು ಮೇಲೆ ಬರುವುದೇ ಇಲ್ಲ. ಕಲ್ಸಂಕದ ಟ್ರಾಫಿಕ್‌ನಲ್ಲಿ ನಿಂತಾಗ ನಿಧಾನ ಅರ್ಧದ ಹತ್ತಿರ ಬರುತ್ತದೆ. ಮತ್ತೆ ಓಡಿದರೆ ಇಳಿಯುತ್ತದೆ. ಇದು ಸರಿಯಾ?

ಕುಂಜಿಬೆಟ್ಟು ವಯರಿಂಗ್

ತುಂಬಾ ಸಂತೋಷ. ಗ್ರೀಸನ್ನು ಬಿಗಿದ ಮೇಲೆ ಸವರಿದ್ದು ಒಳ್ಳೆಯದಾಯಿತು. ಗಾಜಿನ ರಬ್ಬರ್ ಮಾತ್ರ ಬೇಗ ಬದಲಾಯಿಸಿ. ನೀರು ಬರುತ್ತಿದ್ದರೆ ಮುಂದಿನ ಮಳೆಗಾಲಕ್ಕೆ ಪುನಃ ಅದೇ ಜಾಗದಲ್ಲಿ ಕಿಲುಬು.

ನೀವು ಈಗ ಹೇಳಿದ್ದರಲ್ಲಿ ಮೀಟರ್ ತಪ್ಪಿಲ್ಲ. ಇಂಜಿನ್ ನಿಜವಾಗಿಯೂ ತಣ್ಣಗೆ ಓಡುತ್ತಿದೆ. ಥರ್ಮೋಸ್ಟಾಟ್ ತೆಗೆದಿದ್ದಾರಲ್ಲ, ಅದಕ್ಕೇ.

ಹೆಬ್ರಿ ಘಾಟಿ

ತಣ್ಣಗೆ ಓಡಿದರೆ ಒಳ್ಳೆಯದಲ್ವಾ? ನಾನು ಸೋಮೇಶ್ವರದಿಂದ ಆಗುಂಬೆ ಹತ್ತುವವನು. ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಮುಳ್ಳು ಮೇಲೆ ಬರುತ್ತದೆ. ವಾಲ್ವ್ ತೆಗೆದರೆ ಅಲ್ಲಿ ಸಹಾಯ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಪಣಂಬೂರು ಡೀಸೆಲ್

ಇಲ್ಲ ಘಾಟಿಯವರೇ. ಇದು ನಮ್ಮ ಕರಾವಳಿಯಲ್ಲಿ ತುಂಬಾ ಹರಡಿದ ಅಭ್ಯಾಸ, ನನಗೆ ಇದರ ಬಗ್ಗೆ ನಿಜಕ್ಕೂ ಬೇಸರ ಉಂಟು. ಥರ್ಮೋಸ್ಟಾಟ್ ಮುಚ್ಚಿರುವಾಗ ನೀರು ಇಂಜಿನ್ ಒಳಗೇ ಸುತ್ತುತ್ತದೆ, ಬೇಗ ಬಿಸಿಯಾಗುತ್ತದೆ. 82 ಅಥವಾ 88, ಅದರ ಮೇಲೆಯೇ ಕೊರೆದಿರುವ ಡಿಗ್ರಿಗೆ ಬಂದಾಗ ತೆರೆದುಕೊಂಡು ರೇಡಿಯೇಟರಿಗೆ ನೀರು ಬಿಡುತ್ತದೆ. ಬಿಸಿ ಇಂಜಿನ್ನಿನಲ್ಲಿ ಅದು ಹೇಗೂ ತೆರೆದೇ ಇರುತ್ತದೆ. ಘಾಟಿಯಲ್ಲಿ ಅದು ಅಡ್ಡ ಬರುವುದಿಲ್ಲ.

ತೆಗೆದರೆ ಇಂಜಿನ್ ಯಾವಾಗಲೂ ಅರೆಬಿಸಿ. ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಸವೆತ ಜಾಸ್ತಿ. ಆಯಿಲ್‌ಗೆ ಸೇರಿದ ನೀರಿನ ಪಸೆ ಆರುವುದಿಲ್ಲ, ಕೆಸರು ಕಟ್ಟುತ್ತದೆ. ಮೈಲೇಜ್ ಬೀಳುತ್ತದೆ. ಹೊರಗೆ ಸೆಕೆ 33 ಡಿಗ್ರಿ ಇದ್ದರೂ ಇಂಜಿನ್‌ಗೆ ಅದು ತಂಪೇ.

ಘಾಟಿಯಲ್ಲಿ ಮುಳ್ಳು ಏರುತ್ತಿದ್ದರೆ ರೇಡಿಯೇಟರ್ ಜಾಲರಿಯಲ್ಲಿ ಕೊಳೆ, ಫ್ಯಾನ್, ಕ್ಯಾಪಿನ ರಬ್ಬರ್ ನೋಡಿ. ಬಾವಿ ನೀರು ಹಾಕುತ್ತಿದ್ದರೆ ಬಿಟ್ಟುಬಿಡಿ. ನದಿ ಸಮುದ್ರ ಸೇರುವ ಕಡೆಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಬರುತ್ತದೆ, ರೇಡಿಯೇಟರನ್ನು ಒಳಗಿನಿಂದ ತಿನ್ನುತ್ತದೆ. ಕೂಲೆಂಟ್ ಹಾಕಿ. ಹತ್ತುವಾಗ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಚಿಕ್ಕ ಗೇರಿನಲ್ಲಿ ಹೋಗಿ.

ಕಾರ್ಕಳ ಟೀಚರ್

ಇಂಜೆಕ್ಷನ್ ಗಾಡಿ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕ ಮಾಡಿ ಪೆಟ್ರೋಲ್ ಬಿಡುವಂಥದ್ದು) ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಅವುಗಳಲ್ಲಿ ಸಾಮಾನ್ಯವಾಗಿ ಒಂಟಿ ವಯರಿನದ್ದು ಮೀಟರಿಗೆ, ಎರಡು ವಯರಿನ ಇನ್ನೊಂದು ಕಂಪ್ಯೂಟರಿಗೆ. ಎರಡೂ ಬೇರೆ ಬೇರೆ. ಮುಳ್ಳು ಸರಿ ಇದ್ದು ಬೆಳಿಗ್ಗೆ ಸ್ಟಾರ್ಟ್ ಕಷ್ಟ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂದರೆ ಎರಡು ವಯರಿನದ್ದನ್ನು ನೋಡಿ. ನನ್ನ ಝೆನ್‌ನಲ್ಲಿ ಹಾಗೇ ಆಗಿತ್ತು.

ಕಾಪು ಎಂಟುನೂರು

ಹೊಸ ಥರ್ಮೋಸ್ಟಾಟ್ ಮತ್ತು ಪ್ಯಾಕಿಂಗ್ ತಂದಿದ್ದೇನೆ. ಹಾಕುವ ಮೊದಲು ಪರೀಕ್ಷೆ ಮಾಡಬಹುದಾ? ಯಾವ ಕಡೆ ಮುಖ ಮಾಡಿ ಕೂರಿಸುವುದು?

ಕುಂಜಿಬೆಟ್ಟು ವಯರಿಂಗ್

ಹೊಸತನ್ನೂ ಪರೀಕ್ಷೆ ಮಾಡಿ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತಳಕ್ಕೆ ತಾಗದ ಹಾಗೆ ಇಳಿಬಿಡಿ, ಒಲೆಯ ಮೇಲೆ ಇಡಿ. ಕುದಿ ಬರುವ ಮೊದಲೇ ತೆರೆಯಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಸ್ಪ್ರಿಂಗ್ ಇರುವ ಬದಿ ಇಂಜಿನ್ ಒಳಮುಖ. ಅಂಚಿನಲ್ಲಿ ಗಾಳಿ ಹೋಗಲು ಸಣ್ಣ ತೂತು ಉಂಟು, ಅದು ಮೇಲ್ಗಡೆ ಬರಲಿ. ಹಳೆಯ ಪ್ಯಾಕಿಂಗನ್ನು ಪೂರ್ತಿ ಕೆರೆದು ತೆಗೆಯಿರಿ.

ಕೂಲೆಂಟ್ ತುಂಬಿಸಿದ ಮೇಲೆ ಕ್ಯಾಪ್ ಹಾಕದೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ. ಮೇಲಿನ ಹೋಸನ್ನು ಆಗಾಗ ಹಿಚುಕಿ, ಗಾಳಿ ಹೊರಬರುತ್ತದೆ, ಮಟ್ಟ ಇಳಿಯುತ್ತದೆ, ತುಂಬಿಸುತ್ತಾ ಇರಿ. ಹೋಸ್ ಬಿಸಿ ಹತ್ತಲು ಶುರುವಾದ ಕೂಡಲೇ ತುಂಬಿಸಿ ಕ್ಯಾಪ್ ಹಾಕಿ. ಮಾರನೆಯ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಮತ್ತೊಮ್ಮೆ ನೋಡಿ.

ಕಾಪು ಎಂಟುನೂರು

ಹಾಕಿ ಆಯಿತು. ಒಲೆಯ ಮೇಲೆ ಅದು ತೆರೆದುಕೊಳ್ಳುವುದನ್ನು ಅಪ್ಪನೂ ಕೂತು ನೋಡಿದರು. ಈಗ ಇಂದ್ರಾಳಿ ಏರಿನಲ್ಲೂ ಪಡುಬಿದ್ರಿ ಹೈವೇಯಲ್ಲೂ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಒಂದೇ ಕಡೆ ನಿಲ್ಲುತ್ತದೆ. ಗನ್‌ನಲ್ಲಿ 84. ಬೆಳಿಗ್ಗೆ ಕೂಲೆಂಟ್ ಸ್ವಲ್ಪ ಇಳಿದಿತ್ತು, ತುಂಬಿಸಿದೆ. ಗಾಜಿನ ರಬ್ಬರ್ ಈ ವಾರ ಹಾಕಿಸುತ್ತೇನೆ.